ಏರ್‌ಬ್ರಶ್ ಡಬ್ಬಿ ಮೇಲೆ 0.3 ಅಂತಿದ್ದರೆ ನಂಬಬೇಡಿ, ಸೂಜಿ ಹಾಕಿ ನೋಡಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಅರ್ಧ ತಪ್ಪು ನನ್ನದೇ. ಉಳಿದರ್ಧಕ್ಕೆ 3,870 ರೂಪಾಯಿ ತೆತ್ತಿದ್ದೇನೆ.

2025ರ ಸೆಪ್ಟೆಂಬರ್‌ನಲ್ಲಿ ವಾಯುಪಡೆ ಮಿಗ್-21ಕ್ಕೆ ವಿದಾಯ ಹೇಳಿತಲ್ಲ, ಆಗ ಅಟ್ಟದ ಮೇಲಿದ್ದ ಅದರ 1/72 ಕಿಟ್ (ನಿಜವಾದ ವಿಮಾನದ 72ನೇ ಒಂದು ಅಳತೆಯ, ಜೋಡಿಸುವ ಪ್ಲಾಸ್ಟಿಕ್ ಮಾದರಿ) ಕೆಳಗಿಳಿಸಿದೆ. ಹಳೆಯ ಬೆಳ್ಳಿ ಮೈಯ ಎಫ್‌ಎಲ್ (ಮಿಗ್-21ರಲ್ಲೇ ಒಂದು ಬಗೆ) ಮಾಡುವ ಆಸೆ. ಕೈಬ್ರಶ್‌ನಲ್ಲಿ ಅಲ್ಯೂಮಿನಿಯಂ ಬಳಿದರೆ ಗೆರೆ ಗೆರೆ ಬರುತ್ತದೆ, ನಿಮಗೆ ಗೊತ್ತೇ ಇದೆ. ಹಾಗಾಗಿ ಆನ್‌ಲೈನ್‌ನಲ್ಲಿ ಹಾಬಿ ಸಾಮಾನು ಮಾರುವವನೊಬ್ಬನಿಂದ ಏರ್‌ಬ್ರಶ್ (ಗಾಳಿಯ ಒತ್ತಡದಿಂದ ಬಣ್ಣ ಚಿಮ್ಮಿಸುವ ಪೆನ್ನಿನಂಥ ಉಪಕರಣ) ತರಿಸಿದೆ.

"0.3 ನಾಜಲ್ ಸರ್, ಮೆಟಾಲಿಕ್‌ಗೆ ಧಾರಾಳ ಸಾಕು" ಅಂದ. ನಾಜಲ್ ಅಂದರೆ ಬಣ್ಣ ಹೊರಬರುವ ಮೂತಿ, ಅದರ ತೂತಿನಲ್ಲಿ ಕೂರುವ ಸೂಜಿ ಬಣ್ಣವನ್ನು ತಡೆದು ಬಿಡುತ್ತದೆ; ಮೆಟಾಲಿಕ್ ಅಂದರೆ ಲೋಹದ ಹೊಳಪಿನ ಬಣ್ಣ. ಜೊತೆಗೆ ಒಂದು ಪುಟ್ಟ ಬಾಟಲಿ. ಮೇಲೆ ಕೈಬರಹದ ಲೇಬಲ್: ‘ಅಲ್ಯೂಮಿನಿಯಂ, ಏರ್‌ಬ್ರಶ್ ರೆಡಿ’. ಕಂಪನಿ ಹೆಸರಿಲ್ಲ. ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಕಪ್ಪು ಬಣ್ಣ ಚೆನ್ನಾಗಿ ಬಂತು. ಬೆಳ್ಳಿ ಹಾಕಿದೆ. ಹತ್ತು ಸೆಕೆಂಡ್ ಬಂತು, ನಿಂತಿತು. ಟ್ರಿಗರ್ ಪೂರ್ತಿ ಹಿಂದಕ್ಕೆಳೆದರೆ ಫಟ್ ಅಂತ ದಪ್ಪ ಹನಿ ರೆಕ್ಕೆ ಮೇಲೆ. ತೊಳೆದೆ, ಹಾಕಿದೆ, ಕಟ್ಟಿಕೊಂಡಿತು. ಮತ್ತೆ ತೊಳೆದೆ, ಮತ್ತೆ ಕಟ್ಟಿಕೊಂಡಿತು. ಗಾಳಿಯ ಒತ್ತಡ 18 ಪಿಎಸ್‌ಐ ಇದ್ದದ್ದನ್ನು 25ಕ್ಕೆ ಏರಿಸಿದೆ. ಸೂಜಿ ತುದಿಯಲ್ಲಿ ಬಣ್ಣ ಇನ್ನೂ ಬೇಗ ಒಣಗಿತು, ಅಷ್ಟೇ.

ಮಾರಿದವನಿಗೆ ಮೆಸೇಜ್ ಹಾಕಿದೆ. "ಸ್ವಲ್ಪ ಥಿನ್ನರ್ ಹಾಕಿ ಸರ್." ಯಾವ ಥಿನ್ನರ್? "ಯಾವ್ದಾದ್ರೂ ನಡೆಯುತ್ತೆ. ಲ್ಯಾಕರ್ ಥಿನ್ನರ್ ಇದ್ರೆ ಅದೇ ಹಾಕಿ." ಹಾಕಿದೆ. ಬಣ್ಣದ ಕಪ್‌ನಲ್ಲೇ ಒಡೆದ ಹಾಲಿನಂತೆ ಗಂಟುಗಂಟಾಯಿತು. ಅದು ನೀರಿನ ಅಕ್ರಿಲಿಕ್! ಯಾವ್ದಾದ್ರೂ ನಡೆಯುತ್ತಂತೆ!

ಈಗ ನನ್ನ ಘನಕಾರ್ಯ. ಸಿಟ್ಟಿನಲ್ಲಿ ನಾಜಲ್‌ಗೆ ಗುಂಡುಪಿನ್ನು ಚುಚ್ಚಿದೆ. ಬಾಯಿ ಸೀಳಿತು. ಆಮೇಲೆ ಗಾಳಿ ಹಿಂದಕ್ಕೆ ನುಗ್ಗಿ ಕಪ್‌ನಲ್ಲಿ ಬರೀ ಗುಳ್ಳೆ. ಅದರ ಫೋಟೋ ತೆಗೆದು ಅವನಿಗೆ ಕಳಿಸಿದೆ. ನಾನೇ ಕಳಿಸಿದೆ! ಎರಡೇ ನಿಮಿಷಕ್ಕೆ ಉತ್ತರ: "ಕಸ್ಟಮರ್ ಡ್ಯಾಮೇಜ್. ರಿಟರ್ನ್ ಆಗಲ್ಲ. ಹೊಸ ನಾಜಲ್ 650."

ಅದನ್ನೂ ಕೊಂಡೆ. ಅದೂ ಕಟ್ಟಿಕೊಂಡಿತು. "ನೀವು ಕ್ಲೀನ್ ಮಾಡೋದು ಸರಿಯಿಲ್ಲ ಸರ್. ಹೊಸಬರಿಗೆ ಹೀಗಾಗುತ್ತೆ." ಹನ್ನೆರಡು ವರ್ಷದಿಂದ ಕಿಟ್ ಕಟ್ಟುತ್ತಿದ್ದೇನೆ ಸ್ವಾಮಿ. ಆದರೂ ಮೂರು ವಾರ ನನ್ನ ಕೈಯನ್ನೇ ಬೈದುಕೊಂಡೆ.

ಕೊನೆಗೆ ಎಲ್ಲವನ್ನೂ ಗೆಳೆಯನ ಮನೆಗೆ ಹೊತ್ತುಕೊಂಡು ಹೋದೆ. ಅವನ ಹತ್ತಿರ ಅದೇ ಅಚ್ಚಿನ ಏರ್‌ಬ್ರಶ್, 0.2, 0.3, 0.5 ಮೂರೂ ಸೆಟ್ ಇದೆ. ನನ್ನ ಸೂಜಿಯನ್ನು ಅವನ 0.3 ನಾಜಲ್‌ಗೆ ಹಾಕಿದ. ತುದಿ ಉದ್ದಕ್ಕೆ ಹೊರಗೆ ಚಾಚಿತು. 0.2ಕ್ಕೆ ಹಾಕಿದ. ಅಚ್ಚುಕಟ್ಟಾಗಿ ಕೂತಿತು. ಅವನು ಏನೂ ಅನ್ನಲಿಲ್ಲ, ಸುಮ್ನೆ ನನ್ನ ಮುಖ ನೋಡಿದ. ನನಗೆ ಕಿವಿಯೆಲ್ಲ ಬಿಸಿಯಾಯಿತು. ಆಮೇಲೆ ಆ ಬಣ್ಣದ ಹನಿಯೊಂದನ್ನು ಗಾಜಿನ ಮೇಲೆ ಹರಡಿದ. ಬೆಳ್ಳಿ ಚೂರುಗಳು ಬರಿಗಣ್ಣಿಗೇ ಕಾಣುವಷ್ಟು ದಪ್ಪ. "ಇದು ಹಣತೆಗೆ ಬಳಿಯೋ ಬಣ್ಣ ಕಣೋ" ಅಂದ.

ಮತ್ತೆ ಮೆಸೇಜ್ ಹಾಕಿದೆ, ಫೋಟೋ ಸಮೇತ. ಉತ್ತರ ಕೇಳಿ: "ಡಬ್ಬಿ ಹಾಗೇ ಬರುತ್ತೆ ಸರ್. 0.2ಕ್ಕೂ 0.3ಕ್ಕೂ ದೊಡ್ಡ ವ್ಯತ್ಯಾಸ ಏನಿಲ್ಲ."

ಏನಿಲ್ಲವಾ? ಇದು ತೂತಿನ ಅಡ್ಡಳತೆ, ಮಿಲಿಮೀಟರ್‌ನಲ್ಲಿ. ವಿಸ್ತೀರ್ಣ ಲೆಕ್ಕ ಹಾಕಿದರೆ 0.3ರ ತೂತು 0.2ರದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಆಗುತ್ತದೆ. ಚೂರು ತುಂಬಿದ ಬಣ್ಣಕ್ಕೆ ಇದೇ ಅಲ್ವಾ ಎಲ್ಲ?

ಹಾಗಾಗಿ ಕೇಳಿ. ಕಂಪನಿ ಹೆಸರಿಲ್ಲದ ಬಾಟಲಿಗೆ ಸುರಿದು ಕೊಟ್ಟ ಬಣ್ಣ ಕೊಳ್ಳಬೇಡಿ. ಮೆಟಾಲಿಕ್‌ಗೆ 0.3ಕ್ಕಿಂತ ಕಡಿಮೆ ಬೇಡ, 0.5 ಇದ್ದರೆ ಆರಾಮ. ಥಿನ್ನರ್ ಅನ್ನು ಮೊದಲು ಗಾಜಿನ ಲೋಟದಲ್ಲಿ ಬೆರೆಸಿ ನೋಡಿ, ಕಪ್‌ನಲ್ಲಿ ಅಲ್ಲ. ಚೂರು ತಳಕ್ಕೆ ಕೂರುತ್ತದೆ, ಚೆನ್ನಾಗಿ ಕಲಕಿ, ಹಳೇ ನೈಲಾನ್ ಸ್ಟಾಕಿಂಗ್‌ನಲ್ಲಿ ಸೋಸಿ. ಪಿನ್ನು ಮಾತ್ರ ಮುಟ್ಟಬೇಡಿ. ಮುಟ್ಟಿದರೂ ಫೋಟೋ ಕಳಿಸಬೇಡಿ.

ಅವನು ಈಗ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ. ಬಾಟಲಿಯಲ್ಲಿ ಇನ್ನೂ ಮುಕ್ಕಾಲು ಪಾಲು ಬಣ್ಣವಿದೆ. ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ, ಹಣತೆಗೆ ಚೆನ್ನಾಗಿ ಹಿಡಿಯುತ್ತದೆ.