ಬೇಸಿನ್ ಕೆಳಗಿನ ಆಂಗಲ್ ಕಾಕ್: ಯಾವುದು ಬಾಳುತ್ತದೆ, ಎಲ್ಲಿ ಕೈಕೊಡುತ್ತದೆ

ಗೋಡೆಯಿಂದ ಬೇಸಿನ್ ನಲ್ಲಿಗೆ ಹೋಗುವ ನೀರನ್ನು ತಡೆಯುವ ಸಣ್ಣ ವಾಲ್ವೇ ಆಂಗಲ್ ಕಾಕ್. ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಇಂಚಿನದನ್ನು ಕೇಳಿದರೆ ಕೌಂಟರ್ ಮೇಲೆ ಮೂರು ಬಗೆ ಬಂದು ಕೂರುತ್ತವೆ: ಬಿಳಿ ಪಿಟಿಎಂಟಿ ಪ್ಲಾಸ್ಟಿಕ್, ರಬ್ಬರ್ ವಾಶರಿನ ಹಳೇ ಮಾದರಿಯ ಹಿತ್ತಾಳೆ, ಕಾಲು ಸುತ್ತಿಗೇ ಮುಚ್ಚಿಕೊಳ್ಳುವ ಸಿರಾಮಿಕ್ ಡಿಸ್ಕಿನ ಹಿತ್ತಾಳೆ. ನಾಲ್ಕನೆಯದೂ ಒಂದುಂಟು, ಅದನ್ನು ಹೆಸರು ಹೇಳಿ ಮಾರುವವರು ಕಡಿಮೆ: ಕ್ರೋಮ್ ಬಳಿದ ಸತುವಿನ ಮಿಶ್ರಲೋಹ.

ವಾಶ್ ಬೇಸಿನ್‌ಗೆ ನಮ್ಮ ಓಟು ಸಿರಾಮಿಕ್ ಡಿಸ್ಕಿನದಕ್ಕೆ. ಹಳೇ ಮಾದರಿಯಲ್ಲಿ ವಾಶರ್ ಗಟ್ಟಿಯಾದ ಮೇಲೆ ಎಷ್ಟು ತಿರುಗಿಸಿದರೂ ನೀರು ಪೂರ್ತಿ ನಿಲ್ಲುವುದಿಲ್ಲ. ಜೋರು ಮಾಡಿ ತಿರುಗಿಸಿದರೆ ಸ್ಪಿಂಡಲ್ (ಹಿಡಿಕೆಯ ಜೊತೆ ತಿರುಗುವ ಕಡ್ಡಿ) ಥ್ರೆಡ್ಡೇ ಸವೆಯುತ್ತದೆ. ಅದರ ಪರವಾಗಿ ಹೇಳಬಹುದಾದ ಮಾತೆಂದರೆ ವಾಶರ್ ಬಿಡಿಯಾಗಿ ಸಿಗುತ್ತದೆ, ಮನೆಯಲ್ಲೇ ಬದಲಿಸಬಹುದು. ಪಿಟಿಎಂಟಿಗೆ ತುಕ್ಕಿನ ಭಯವಿಲ್ಲ, ಬೆಲೆಯೂ ಕಡಿಮೆ. ತಣ್ಣೀರಿನ ಲೈನಿಗೆ, ಬಾಡಿಗೆ ಮನೆಗೆ ಧಾರಾಳವಾಗಿ ಹಾಕಬಹುದು. ಆದರೆ ಸ್ಪ್ಯಾನರ್ ಬಿಗಿತ ತಡೆಯುವುದಿಲ್ಲ. ಗೀಸರ್ ಲೈನಿಗೆ ಹಿತ್ತಾಳೆಯೇ ಇರಲಿ.

ಸತುವನ್ನು ಗುರುತಿಸಲು ಅಯಸ್ಕಾಂತ ಹಿಡಿಯುವುದು ದಂಡ, ಹಿತ್ತಾಳೆಗೂ ಅಂಟದು, ಸತುವಿಗೂ ಅಂಟದು. ಅಂಗೈಯಲ್ಲಿ ತೂಗಿ ನೋಡಿ, ಹಿತ್ತಾಳೆಯೇ ಹೆಚ್ಚು ಭಾರ. ಆಮೇಲೆ ಕ್ರೋಮ್ ತಲುಪದ ಒಳಬಾಯಿಗೆ ಮೊಬೈಲ್ ಟಾರ್ಚ್ ಬಿಡಿ: ಹಳದಿ ಕಂಡರೆ ಹಿತ್ತಾಳೆ, ಬೂದು ಕಂಡರೆ ವಾಪಸ್ ಕೊಡಿ. ಸತು ಗೋಡೆಯೊಳಗಿನ ಥ್ರೆಡ್ ಬುಡದಲ್ಲೇ ಮುರಿಯುತ್ತದೆ, ಆಗ ತುಂಡು ತೆಗೆಯಲು ಎಕ್ಸ್‌ಟ್ರಾಕ್ಟರ್ ಎಂಬ ಉಪಕರಣ ಬೇಕಾಗುತ್ತದೆ. ಹಿತ್ತಾಳೆಯದರ ಮೇಲೆ ಭಾರತೀಯ ಮಾನಕದ ಐಎಸ್ 8931 ಗುರುತು ಇದೆಯೇ ನೋಡಿ; ಪ್ಲಾಸ್ಟಿಕ್‌ಗಾದರೆ ಐಎಸ್ 9763.

ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ಇರುವ ಬೇಸಿನ್‌ಗೆ ಎರಡು ಆಂಗಲ್ ಕಾಕ್ ಬೇಕು, ಬರೀ ಪಿಲ್ಲರ್ ಕಾಕ್ (ಒಂದೇ ಲೈನಿನ ನಲ್ಲಿ) ಇದ್ದರೆ ಒಂದು ಸಾಕು. ಜೊತೆಗೆ ಕಾಕ್‌ನಿಂದ ನಲ್ಲಿಗೆ ಹೋಗುವ ಹೊಸ ಕನೆಕ್ಷನ್ ಪೈಪ್ ತನ್ನಿ, 18 ಇಂಚು ಸಾಮಾನ್ಯವಾಗಿ ಹೊಂದುತ್ತದೆ. ಹಳೇ ಪೈಪಿನ ವಾಶರ್ ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಕೂರುತ್ತದೆಂದು ನಂಬುವ ಹಾಗಿಲ್ಲ.

ಬದಲಿಸುವಾಗ ಎಡವಟ್ಟಾಗುವುದು ಹೆಚ್ಚಾಗಿ ಬಿಚ್ಚುವ ಹೊತ್ತಿನಲ್ಲಿ. ಬಾತ್‌ರೂಮಿನ ಕಂಟ್ರೋಲ್ ವಾಲ್ವ್ ಅಥವಾ ತಾರಸಿ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ, ಬೇಸಿನ್ನಿನ ನಲ್ಲಿಯನ್ನು ತೆರೆದು ಪೈಪಿನಲ್ಲಿ ಉಳಿದ ನೀರು ಖಾಲಿ ಮಾಡಿ. ಕೆಳಗೊಂದು ಮಗ್ ಇಟ್ಟು ಕನೆಕ್ಷನ್ ಪೈಪ್ ಕಳಚಿ. ಕಾಕ್ ಬಿಚ್ಚಲು ಹಿಡಿಕೆಯನ್ನು ಹಿಡಿಯಬೇಡಿ. ಬಾಡಿಯ ಚಪ್ಪಟೆ ಭಾಗಕ್ಕೆ ಬಟ್ಟೆ ಸುತ್ತಿ ಸ್ಪ್ಯಾನರ್ ಕೊಟ್ಟು ಎಡಕ್ಕೆ ನಿಧಾನವಾಗಿ ತಿರುಗಿಸಿ. ಗೋಡೆಯೊಳಗೆ ಸಿಪಿವಿಸಿ ಪ್ಲಾಸ್ಟಿಕ್ಕಿನ ಎಲ್ಬೋ (ಬಾಗಿದ ಜೋಡಣೆ) ಇದ್ದರೆ ಎಳೆದಾಡಿದಾಗ ಅದರ ಹಿತ್ತಾಳೆ ಒಳಬಳೆಯೂ ಜೊತೆಗೇ ಸುತ್ತತೊಡಗಬಹುದು. ಹಾಗನ್ನಿಸಿದರೆ ಅಲ್ಲೇ ನಿಲ್ಲಿಸಿ ಪ್ಲಂಬರನ್ನು ಕರೆಯಿರಿ, ಟೈಲ್ಸ್ ಒಡೆಯುವುದಕ್ಕಿಂತ ಅದು ಅಗ್ಗ. ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನಲ್ಲಿ ತುಕ್ಕು ಹಿಡಿದ ನಿಪ್ಪಲ್, ಅಂದರೆ ಥ್ರೆಡ್ ಇರುವ ಗಿಡ್ಡ ಪೈಪ್ ತುಂಡು, ಮುರಿಯುವ ಅಪಾಯವೇ ಹೆಚ್ಚು.

ಹೊಸದನ್ನು ಕೂರಿಸುವ ಮುನ್ನ ಗೋಡೆಯ ಬಾಯಿಗೆ ಬಕೆಟ್ ಒಡ್ಡಿ ಎರಡು ಸೆಕೆಂಡ್ ನೀರು ಬಿಟ್ಟು ಮತ್ತೆ ಮುಚ್ಚಿ. ಮರಳಿನ ಒಂದು ಕಣ ಸಾಕು, ಸಿರಾಮಿಕ್ ಡಿಸ್ಕ್‌ಗೆ ಗೀರು ಬೀಳುತ್ತದೆ. ಥ್ರೆಡ್ ಮೇಲೆ ಟೆಫ್ಲಾನ್ ಟೇಪನ್ನು ಕಾಕ್ ತಿರುಗುವ ದಿಕ್ಕಿಗೇ, ಎಳೆದು ಹಿಡಿದು 12ರಿಂದ 15 ಸುತ್ತು ಸುತ್ತಿ. ಗೋಡೆಯ ತೂತು ಮುಚ್ಚುವ ಬಿಲ್ಲೆ, ಅಂದರೆ ಫ್ಲೇಂಜ್, ಮೊದಲು ತೂರಿಸಬೇಕು, ಮರೆತರೆ ಮತ್ತೆ ಮೊದಲಿಂದ. ಕಾಕ್ ಬಾಯಿ ಬೇಕಾದ ದಿಕ್ಕು ದಾಟಿ ಹೋದರೆ ಹಿಂದಕ್ಕೆ ತಿರುಗಿಸಿ ಸರಿಮಾಡುವ ಆಸೆ ಬಿಡಿ. ಟೇಪ್ ಸಡಿಲವಾಗಿ ಆ ಜಾಯಿಂಟ್ ಒಸರುವುದು ಖಚಿತ. ಬಿಚ್ಚಿ ಹೊಸ ಟೇಪ್ ಸುತ್ತಿ. ಥ್ರೆಡ್ ಗೋಡೆಯಲ್ಲಿ ಆಳಕ್ಕಿದ್ದರೆ ಎಕ್ಸ್‌ಟೆನ್ಷನ್ ನಿಪ್ಪಲ್ ಹಾಕಿ, ಟೇಪ್ ಎರಡೂ ಕಡೆಗೆ. ಕನೆಕ್ಷನ್ ಪೈಪಿನ ನಟ್‌ಗೆ ಟೇಪ್ ಬೇಡ, ಅಲ್ಲಿ ತಡೆಯುವುದು ರಬ್ಬರ್ ವಾಶರ್: ಕೈಬಿಗಿತ, ಮೇಲೆ ಕಾಲು ಸುತ್ತು.

ಬೋರ್‌ವೆಲ್ ನೀರಿನ ಮನೆಯಲ್ಲಿ ಈ ಡಿಸ್ಕ್ ಕೂಡ ಉಪ್ಪು ಕಟ್ಟಿ ಕಚ್ಚಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಮುಚ್ಚಿ ತೆರೆದರೆ ಸಾಕು. ಕೆಲಸ ಮುಗಿದ ರಾತ್ರಿ ಜಾಯಿಂಟ್ ಸುತ್ತ ಟಿಶ್ಯೂ ಪೇಪರ್ ಕಟ್ಟಿಡಿ, ಕಣ್ಣಿಗೆ ಕಾಣದ ಒಸರು ಬೆಳಗ್ಗೆ ಅದರಲ್ಲಿ ಗೊತ್ತಾಗುತ್ತದೆ.