ಮಗಳ ಕಿವಿ ಮೆಷಿನ್ ಮತ್ತು ಅದರ ಸೀಟಿ: ಎರಡು ವರ್ಷ ಎಂಟು ತಿಂಗಳು ಬಳಸಿದ ಮೇಲೆ

ಚಾನೆಲ್ ಎಷ್ಟು, ಬ್ಲೂಟೂತ್ ಇದೆಯಾ, ಆ್ಯಪ್ ಹೇಗಿದೆ, ಇದೆಲ್ಲ ಇಲ್ಲಿ ಸಿಗಲ್ಲ. ಅದು ಡಬ್ಬಿಯ ಮೇಲೇ ಬರೆದಿರುತ್ತದೆ. ನಾನು ಬರೆಯಲು ಕೂತಿದ್ದು ಸೀಟಿಯ ವಿಷಯಕ್ಕೆ.

ಮಗಳಿಗೆ ಈಗ ಆರು ವರ್ಷ. ಎರಡೂ ಕಿವಿಗೆ ಮೆಷಿನ್ ಇದೆ, ಕಿವಿಯ ಹಿಂದೆ ಕೂರುವ ಥರದ್ದು. ಜೋಡಿಗೆ 46,000 ರೂಪಾಯಿ ಕೊಟ್ಟೆವು. ನಾನು ಕೊಪ್ಪಳದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಯಜಮಾನರು ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಅಷ್ಟು ದುಡ್ಡಿಗೆ ಎಷ್ಟು ಬ್ಲೌಸ್ ಆಗುತ್ತದೆ ಅಂತ ಒಮ್ಮೆ ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಪ್ ಯೋಜನೆಯಲ್ಲಿ ಆದಾಯ ನೋಡಿ ಉಚಿತವಾಗಿಯೂ ಕೊಡುತ್ತಾರೆ. ನಿಮಗೆ ಅನ್ವಯಿಸಿದರೆ ಮೊದಲು ಅದನ್ನು ವಿಚಾರಿಸಿ. ನಮಗೆ ಒಂದು ತಿಂಗಳೂ ಕಾಯುವ ಮನಸ್ಸಿರಲಿಲ್ಲ, ಕೊಂಡುಬಿಟ್ಟೆವು.

ಪರೀಕ್ಷೆ ಆಗಿದ್ದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ. ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳದಲ್ಲಿ ರಾತ್ರಿ ಹತ್ತಿದರೆ ಮರುದಿನ ಬೆಳಿಗ್ಗೆ ಮೈಸೂರು. ಮಗುವನ್ನು ಮಲಗಿಸಿ, ತಲೆಗೆ ವೈರ್ ಅಂಟಿಸಿ, ಸದ್ದಿಗೆ ಮೆದುಳು ಸ್ಪಂದಿಸುತ್ತದೆಯೇ ಅಂತ ನೋಡುವ 'ಬೇರಾ' ಪರೀಕ್ಷೆ ಮಾಡಿದರು. ಎರಡೂ ಕಿವಿಯಲ್ಲಿ ಶ್ರವಣ ನಷ್ಟ 75 ಡೆಸಿಬಲ್ ಹತ್ತಿರ. ಅಂಗವಿಕಲರ ಹಕ್ಕುಗಳ 2016ರ ಕಾನೂನಿನ ಪ್ರಕಾರ ಎರಡೂ ಕಿವಿಯಲ್ಲಿ 70 ಆದರೆ ಕಿವುಡು, 60ರಿಂದ 70ರ ನಡುವೆ ಇದ್ದರೆ ಮಂದ ಶ್ರವಣ. ನಮ್ಮ ಓಣಿಯಲ್ಲಿ ಈ ಫರಕು ಯಾರಿಗೂ ಬೇಕಿಲ್ಲ. 'ಕಿವುಡಿ' ಅಂದರೆ ಮುಗಿಯಿತು.

ಮೆಷಿನ್ ಬಣ್ಣ ಆರಿಸಿದ್ದು ನಮ್ಮ ಅತ್ತೆ. ಮೈಬಣ್ಣದ್ದೇ ಇರಲಿ, ಯಾರಿಗೂ ಕಾಣಬಾರದು ಅಂದರು. "ಹೆಣ್ಣುಕೂಸು ಐತಿ, ನಾಳೆ ಮದುವಿ ಗಿದುವಿ ಅಂದ್ರ?" ಮೂರು ವರ್ಷದ ಕೂಸಿಗೆ! ನಾನು ಬಾಯಿ ಬಿಡಲಿಲ್ಲ. ಕಿವಿ ಮುಚ್ಚುವ ಹಾಗೆ ಕೂದಲು ಬಿಟ್ಟೆವು. ಕಣ್ಣಿಗೇನೋ ಕಾಣಲಿಲ್ಲ.

ಆದರೆ ಸೀಟಿಯನ್ನು ಹೇಗೆ ಮುಚ್ಚುವುದು?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮದುವೆ ಮಂಟಪದಲ್ಲಿ ಮೈಕ್ ಹಿಡಿದವರು ಸ್ಪೀಕರ್ ಎದುರು ಬಂದರೆ ಕುಂಯ್ ಅನ್ನುತ್ತದೆ ಅಲ್ವಾ? ಇದೂ ಅದೇ. ಕಿವಿಯೊಳಗೆ ಕೂರುವ ಮೆತ್ತನೆಯ ತುಂಡಿಗೆ ಮೋಲ್ಡ್ ಅನ್ನುತ್ತಾರೆ. ಅದು ಸಡಿಲವಾದರೆ ಒಳಗಿನ ಸದ್ದು ಸೋರಿ ಮೆಷಿನ್ನಿನ ಮೈಕಿಗೆ ಬರುತ್ತದೆ. ಮೆಷಿನ್ ಅದನ್ನೇ ಮತ್ತೆ ದೊಡ್ಡದು ಮಾಡುತ್ತದೆ. ಅದು ಮತ್ತೆ ಸೋರುತ್ತದೆ. ಕುಂಯ್ ಶುರು. ಕೆಟ್ಟದ್ದೇನೆಂದರೆ, ಅಷ್ಟು ಸಣ್ಣ, ಕೀರಲು ದನಿಯ ಸೀಟಿ ನನ್ನ ಮಗಳ ಕಿವಿಗೆ ಬೀಳುವುದಿಲ್ಲ. ಬಸ್ಸಿನಲ್ಲಿ ಇದ್ದವರೆಲ್ಲ ತಿರುಗಿ ನೋಡುತ್ತಾರೆ. ಯಾಕೆ ನೋಡುತ್ತಿದ್ದಾರೆ ಅಂತ ಅವಳಿಗೆ ಗೊತ್ತಾಗುವುದಿಲ್ಲ. ಅವರನ್ನು ನೋಡಿ ನಗುತ್ತಾಳೆ.

ಅಪ್ಪಿಕೊಂಡಾಗಲೂ ಹೀಗೇ. ಕಿವಿಗೆ ಭುಜವೋ ಕೈಯೋ ಅಡ್ಡ ಬಂದರೆ ಸೀಟಿ. ಮೊದಲ ಸಲ ಅತ್ತೆ ಕರೆಂಟ್ ಹೊಡೆದವರ ಹಾಗೆ ಕೈ ತೆಗೆದುಬಿಟ್ಟರು. ಮಗುವಿಗೆ ಕಂಡಿದ್ದು ಇಷ್ಟೇ: ಅಜ್ಜಿ ಎತ್ತಿಕೊಂಡಳು, ಅಜ್ಜಿ ಬಿಟ್ಟಳು. ಆಮೇಲೆ ಕೆಲವು ದಿನ ಅವಳು ಅಜ್ಜಿಯ ಹತ್ತಿರ ಹೋಗಲೇ ಇಲ್ಲ.

ಮೊದಲ ವರ್ಷ ಇದು ಅಪರೂಪಕ್ಕೆ ಆಗುತ್ತಿತ್ತು. ನಾಲ್ಕೂವರೆ ವರ್ಷದವಳಾದಾಗ ಜಾಸ್ತಿಯಾಯಿತು. ಊಟ ಮಾಡಲು ದವಡೆ ಆಡಿಸಿದರೆ ಸೀಟಿ, ತಲೆ ತಿರುಗಿಸಿದರೆ ಸೀಟಿ. ಎಲ್‌ಕೆಜಿಯಲ್ಲಿ ಮಕ್ಕಳು ಅವಳ ಹೆಸರನ್ನೇ 'ಸೀಟಿ' ಮಾಡಿದರು. ಮೆಷಿನ್ ಕೊಂಡ ಅಂಗಡಿಗೆ ಓಡಿದೆ. ಅಲ್ಲಿಯವನು ಕಂಪ್ಯೂಟರಿಗೆ ಸಿಕ್ಕಿಸಿ ಐದೇ ನಿಮಿಷದಲ್ಲಿ ಏನೋ ಮಾಡಿ ಕೊಟ್ಟ. ಸೀಟಿ ನಿಂತಿತು. ದುಡ್ಡೂ ತಗೊಳ್ಳಲಿಲ್ಲ. ಒಳ್ಳೆಯವನು ಅಂದುಕೊಂಡು ಬಂದೆ. ಆವತ್ತೇ ಇದನ್ನು ಬರೆದಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ.

ಇಲ್ಲಿ ನಮ್ಮ ಬೆಳಗಿನ ಆಟದ ಬಗ್ಗೆ ಹೇಳಬೇಕು. ಮೈಸೂರಿನಲ್ಲಿ ಕಲಿಸಿದ್ದು. ಲಿಂಗ್ ಪರೀಕ್ಷೆ ಅಂತ ಹೆಸರು. ಆರು ಸದ್ದು: ಮ್, ಊ, ಆ, ಈ, ಶ್, ಸ್. ದಪ್ಪ ದನಿಯಿಂದ ಸಣ್ಣ ದನಿಯವರೆಗೆ ಮಾತಿನ ಸದ್ದೆಲ್ಲ ಇದರೊಳಗೆ ಬರುತ್ತದೆ. ತುಟಿ ನೋಡಿ ಊಹಿಸಬಾರದಲ್ಲ, ಅದಕ್ಕೆ ನನ್ನ ಕಸೂತಿ ರಿಂಗಿಗೆ ತೆಳು ಲೈನಿಂಗ್ ಬಟ್ಟೆ ಬಿಗಿದು ಬಾಯಿಗೆ ಅಡ್ಡ ಹಿಡಿಯುತ್ತೇನೆ. ಸದ್ದು ಕೇಳಿದರೆ ಅವಳು ಒಂದು ಗುಂಡಿ ಡಬ್ಬಿಗೆ ಹಾಕಬೇಕು. ಗುಂಡಿಗೇನು ಬರ, ದರ್ಜಿ ಮನೆ. ಆರು ಬೇರೆ ಬೇರೆ ಬಣ್ಣದವನ್ನು ಅವಳೇ ಹೆಕ್ಕಿ ಇಟ್ಟುಕೊಂಡಿದ್ದಾಳೆ. ಸ್ ಅನ್ನುವುದಕ್ಕೆ ಯಾವಾಗಲೂ ಮುತ್ತಿನ ಗುಂಡಿ.

ಅದಕ್ಕೂ ಮುಂಚೆ ಮೆಷಿನ್ ತಯಾರಾಗಬೇಕು. ರಾತ್ರಿ ಅದು ಸಿಲಿಕಾ ಮಣಿಯ ಡಬ್ಬಿಯಲ್ಲಿ ಮಲಗಿರುತ್ತದೆ, ಬ್ಯಾಟರಿ ಬೇರೆ. ನಮ್ಮೂರ ಏಪ್ರಿಲ್ ಬಿಸಿಲಿಗೆ ಬೆವರು ಮೆಷಿನ್ನಿನಿಂದ ಮೋಲ್ಡಿಗೆ ಹೋಗುವ ನಳಿಕೆಯೊಳಗೆ ಹನಿ ಕಟ್ಟುತ್ತದೆ. ಪುಟ್ಟ ರಬ್ಬರ್ ಬಲ್ಬಿನಿಂದ ಪುಸ್ ಪುಸ್ ಅಂತ ಊದಿ ತೆಗೆಯುವುದು ಅವಳ ಕೆಲಸ. ನೀಲಿ ಮಣಿ ಗುಲಾಬಿಯಾದರೆ ತೇವ ಕುಡಿದಿದೆ ಅಂತ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಅದಕ್ಕೆಂದೇ ಒಂದು ಹಳೇ ಬಾಣಲೆ ಇಡಿ. ಅಡುಗೆಯ ಪಾತ್ರೆ ಮುಟ್ಟಬೇಡಿ. ಬ್ಯಾಟರಿ 13ನೇ ನಂಬರಿನದು, ಕಿತ್ತಳೆ ಸ್ಟಿಕರ್. ಸ್ಟಿಕರ್ ಕಿತ್ತ ಕೂಡಲೇ ಹಾಕಬಾರದು, ಒಂದು ನಿಮಿಷ ಗಾಳಿ ಕುಡಿಯಲು ಬಿಡಬೇಕು. ಆಗ ನಮಗೆ ಹತ್ತು ದಿನ ಬರುತ್ತದೆ. ಬ್ಯಾಟರಿ ಬಾಗಿಲಿಗೆ ಲಾಕ್ ಇರುವ ಮೆಷಿನ್ನೇ ತಗೊಳ್ಳಿ. ಮಕ್ಕಳು ನುಂಗಿದರೆ ಪ್ರಾಣಕ್ಕೆ ಬರುತ್ತದೆ. ಬೆವರಿಗೆ ನಾನು ಲೈನಿಂಗ್ ಬಟ್ಟೆಯಲ್ಲೇ ಮೆಷಿನ್ನಿಗೆ ಪುಟ್ಟ ಅಂಗಿ ಹೊಲಿದಿದ್ದೇನೆ, ಏಳು ಜೊತೆ. ದಿನಕ್ಕೊಂದು ಒಗೆಯುವುದು. ಎಲ್ಲಾ ಫ್ರಾಕಿನ ಬೆನ್ನಿಗೂ ಒಂದು ಕುಣಿಕೆ ಇದೆ, ಮೆಷಿನ್ನಿನ ದಾರ ಕಟ್ಟಲು. ಗವಿಮಠದ ಜಾತ್ರೆಯ ನೂಕಾಟದಲ್ಲಿ ಒಂದು ಮೆಷಿನ್ ಕಿವಿಯಿಂದ ಕಳಚಿತ್ತು. ಬೆನ್ನ ಮೇಲೆ ನೇತಾಡುತ್ತಿತ್ತು, ಅಷ್ಟೇ. 23,000 ಉಳಿಸಿದ್ದು ಎರಡು ರೂಪಾಯಿ ದಾರ.

ಸರಿ, ವಿಷಯಕ್ಕೆ ಬರುತ್ತೇನೆ. ಅಂಗಡಿಯವನು ಸೀಟಿ ನಿಲ್ಲಿಸಿದ್ದು ಮದುವೆ ಸೀಸನ್ನಿನಲ್ಲಿ. ರಾತ್ರಿ ಒಂದರವರೆಗೆ ಹೊಲಿಗೆ ಮಿಷನ್ ತುಳಿಯುತ್ತಿದ್ದೆ. ಬೆಳಿಗ್ಗೆ ಗುಂಡಿ ಆಟಕ್ಕೆ ಪುರುಸೊತ್ತಿಲ್ಲ. ಮೆಷಿನ್ ಹಾಕಿ, "ಕೇಳತೈತೇನು?" ಅಂತ ಕೇಳಿ, ಅವಳು ತಲೆ ಆಡಿಸಿದರೆ ಆಯಿತು. ಆ ದಿನಗಳಲ್ಲೇ ಅವಳು ಸಕ್ಕರೆಗೆ 'ಅಕ್ಕರೆ' ಅನ್ನತೊಡಗಿದಳು. "ಅಜ್ಜಿ ಚಹಾಕ್ಕ ಅಕ್ಕರಿ ಹಾಕು." ಮನೆಯಲ್ಲಿ ಎಲ್ಲರಿಗೂ ಏನು ಖುಷಿ! ಬಂದವರ ಮುಂದೆಲ್ಲ ಹೇಳಿಸಿದೆವು. ಸೋಮವಾರ ಓಮವಾರ ಆಯಿತು. ಸಣ್ಣ ಮಕ್ಕಳು ತೊದಲುವುದು ಇದ್ದದ್ದೇ, ಅಂದುಕೊಂಡೆ. ಮೊದಲು ಬರುತ್ತಿದ್ದ ಸ ಈಗ ಯಾಕೆ ಬರುತ್ತಿಲ್ಲ ಅಂತ ಒಮ್ಮೆಯೂ ಹೊಳೆಯಲಿಲ್ಲ.

ಸೀಸನ್ ಮುಗಿದ ಮೇಲೆ ಒಂದು ಭಾನುವಾರ ಪುರುಸೊತ್ತಾಗಿ ಕೂತೆ. ಆರೂ ಸದ್ದು ಮಾಡಿದೆ. ಡಬ್ಬಿಯಲ್ಲಿ ನಾಲ್ಕೇ ಗುಂಡಿ. ಮತ್ತೆ ಮಾಡಿದೆ. ನಾಲ್ಕೇ. ಮುತ್ತಿನ ಗುಂಡಿ ಅವಳ ಮುಷ್ಟಿಯಲ್ಲೇ ಇತ್ತು. ನಾನು ಯಾವಾಗ ಸ್ ಅನ್ನುತ್ತೇನೋ ಅಂತ ನನ್ನ ಮುಖ ನೋಡುತ್ತಾ ಕಾಯುತ್ತಿದ್ದಳು. ನಾನು ಅಂದಾಗಿತ್ತು, ಎರಡು ಸಲ.

ಮತ್ತೆ ಹಂಪಿ ಎಕ್ಸ್‌ಪ್ರೆಸ್. ಅಲ್ಲಿಯ ಮೇಡಮ್ಮು ನೋಡಿ, ಮೆಷಿನ್ ಚೆನ್ನಾಗೇ ಇದೆ, ಸಣ್ಣ ದನಿಯ ಸದ್ದನ್ನು ಯಾರೋ ತೀರಾ ಇಳಿಸಿದ್ದಾರೆ ಅಂದರು. ಸೀಟಿ ಹುಟ್ಟುವುದು ಆ ಜಾಗದಲ್ಲೇ, ಸ ಶ ಇರುವುದೂ ಆ ಜಾಗದಲ್ಲೇ. ಮೋಲ್ಡ್ ಬದಲಿಸುವ ಬದಲು ಅವನು ಮಗಳ ಸಕಾರವನ್ನೇ ತೆಗೆದು ಕೊಟ್ಟಿದ್ದ. ಮಕ್ಕಳ ಕಿವಿ ಬೆಳೆಯುತ್ತದೆ, ಚಪ್ಪಲಿ ಬದಲಿಸಿದ ಹಾಗೆ ಮೋಲ್ಡ್ ಬದಲಿಸಬೇಕು. ಈ ವಯಸ್ಸಿಗೆ ಮೂರರಿಂದ ಆರು ತಿಂಗಳಿಗೊಮ್ಮೆ. ಇದನ್ನು ಮಾರಿದವನು ಒಂದು ಮಾತು ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. 46,000 ಕೊಟ್ಟು, 800 ರೂಪಾಯಿಯ ತುಂಡಿಗೆ ಮೋಸ ಹೋದೆವು.

ಅಳತೆ ತೆಗೆಯುವುದು ನೋವಿನ ಕೆಲಸವಲ್ಲ. ಕಿವಿಯೊಳಗೆ ದಾರ ಕಟ್ಟಿದ ಪುಟ್ಟ ಸ್ಪಂಜು ಇಟ್ಟು, ಮೇಲೆ ಗುಲಾಬಿ ಹಿಟ್ಟು ತುಂಬುತ್ತಾರೆ. ಐದು ನಿಮಿಷ ದವಡೆ ಅಲುಗಿಸಬಾರದು. ಮಾತಿನ ಮಲ್ಲಿಯಾದ ಇವಳಿಗೆ ಅದೇ ಕಷ್ಟ. ಹೊಸ ಮೋಲ್ಡ್ ಬಂದು, ಸದ್ದು ಮತ್ತೆ ಏರಿಸಿದ ದಿನವೇ ಮುತ್ತಿನ ಗುಂಡಿ ಡಬ್ಬಿಗೆ ಬಿತ್ತು. ನಾಲಿಗೆಗೆ ಸ ಮರಳಲು ಮಾತ್ರ ನಾಲ್ಕು ತಿಂಗಳು ಹಿಡಿಯಿತು.

ಮೆಷಿನ್ನಿನ ಮೇಲಿದ್ದ ನನ್ನ ಸಿಟ್ಟು ಅಲ್ಲಿಂದ ಇಳಿಯಿತು. ಕೂದಲನ್ನೂ ಅವತ್ತೇ ಎತ್ತಿ ಎರಡು ಜಡೆ ಹಾಕಿದೆ. ಕಾಣದೇ ಇದ್ದರೆ ಸಡಿಲವಾಗಿದ್ದು ನನಗೂ ಕಾಣುವುದಿಲ್ಲವಲ್ಲ. ಅತ್ತೆ ಎರಡು ದಿನ ಮಾತು ಬಿಟ್ಟರು. ಶಾಲೆಗೂ ಹೋದೆ. ಮೆಷಿನ್ ಪರೀಕ್ಷಿಸಲು ನನಗೆ ಕೊಟ್ಟಿದ್ದ, ನಮ್ಮ ಕಿವಿಗೆ ಇಟ್ಟು ಕೇಳುವ, ಸದ್ದು ತಗ್ಗಿಸುವ ಡ್ಯಾಂಪರ್ ಇರುವ ನಳಿಕೆ ಒಯ್ದು, ಅಕ್ಕೋರ (ಟೀಚರ್) ಒಪ್ಪಿಗೆ ಪಡೆದು ಮಕ್ಕಳಿಗೆ ಒಬ್ಬೊಬ್ಬರಿಗೇ ಕೇಳಿಸಿದೆ. ಅವಳಿಗೆ 'ಸೀಟಿ' ಅಂತ ಹೆಸರಿಟ್ಟಿದ್ದ ಹುಡುಗನೇ ಮೊದಲು ಬಂದ. "ಯವ್ವಾ, ಫ್ಯಾನ್ ಸಪ್ಪಳಾನ ಅಕ್ಕೋರ ಮಾತಿಗಿಂತ ದೊಡ್ಡದು ಐತಿ!" ಅಂದ. ನಾನು ಅರ್ಧ ಗಂಟೆ ಹೇಳಿದ್ದರೂ ಅಕ್ಕೋರಿಗೆ ಅಷ್ಟು ತಿಳಿಯುತ್ತಿರಲಿಲ್ಲ. ಅವಳನ್ನು ಫ್ಯಾನಿನಿಂದ ದೂರ, ಮುಂದಿನ ಬೆಂಚಿಗೆ ತಂದರು. ಮೆಷಿನ್ ಚೆನ್ನಾಗಿ ಕೆಲಸ ಮಾಡುವುದು ಒಂದೆರಡು ಮೀಟರಿನೊಳಗೆ. ಬೋರ್ಡಿಗೆ ಮುಖ ಮಾಡಿ ಪಾಠ ಹೇಳುವ ರೂಢಿ ಇನ್ನೂ ಹೋಗಿಲ್ಲ. 'ಸೀಟಿ' ಅನ್ನುವುದೂ ಪೂರ್ತಿ ನಿಂತಿಲ್ಲ, ಆದರೆ ಈಗ ಅದೇ ಹುಡುಗ ಅವಳ ಮೋಲ್ಡ್ ಜಾರಿದರೆ ಬೆರಳು ತೋರಿಸಿ ಹೇಳುತ್ತಾನೆ.

ಅತ್ತೆಯೂ ಹಾಗೇ. ಎತ್ತಿಕೊಂಡಾಗ ಕೈ ಜಡೆಯ ಕೆಳಗೆ ಇಡುವುದನ್ನು ರೂಢಿ ಮಾಡಿಕೊಂಡರು. ಆದರೂ ಕುಂಯ್ ಅಂದರೆ ಬಿಡುವುದಿಲ್ಲ, ಗಟ್ಟಿ ಹಿಡಿದುಕೊಂಡೇ ಒಳಗಿನಿಂದ ಕೂಗುತ್ತಾರೆ: "ಏನವಾ, ಮೈಸೂರಿಗಿ ಹೋಗೂ ಟೈಮ್ ಬಂತೇನ ನೋಡು!"

ಸ್ಟಾರ್ ಕೊಡಲೇಬೇಕಾದರೆ ಮೆಷಿನ್ನಿಗೆ ನಾಲ್ಕು. ಒಂದು ಕಳೆದಿದ್ದು ಬೆವರಿಗೆ. ಅಂಗಡಿಗೆ ಸೊನ್ನೆ. ಕೊಳ್ಳುವವರು ಪ್ರತಿ ತಿಂಗಳು ಮುನ್ನೂರು ರೂಪಾಯಿ ಮೋಲ್ಡಿಗೆಂದೇ ತೆಗೆದಿಡಿ, ನನ್ನದು ಒಂದು ಹಳೇ ಕುಂಕುಮದ ಡಬ್ಬಿಯಲ್ಲಿದೆ. ಹೋದ ವಾರದಿಂದ ಎಡಗಿವಿ ಮತ್ತೆ ಸಣ್ಣಗೆ ಕುಂಯ್ ಅನ್ನುತ್ತಿದೆ. ಈ ಸಲ ಮೈಬಣ್ಣದ ಮೋಲ್ಡ್ ಬೇಡವಂತೆ. ಕೆಂಪು ಬೇಕಂತೆ, ಒಳಗೆ ಚಮಕಿ ಇರಬೇಕಂತೆ. ನೂರು ರೂಪಾಯಿ ಜಾಸ್ತಿ.