ಉದ್ದನೆ ಕ್ಯಾಚ್ ಬ್ಲಾಕ್‌ಗಳಿಗೆ ಇಂಟೆಲಿಜೆ ಐಡಿಯಾ: ಅರ್ಧ ಕೆಲಸ ಚೆನ್ನಾಗಿ ಮಾಡುತ್ತದೆ

ಜಾವಾದಲ್ಲಿ ವೆಬ್ ಆಪ್ ಕಟ್ಟುವ ಫ್ರೇಮ್‌ವರ್ಕ್ ಸ್ಪ್ರಿಂಗ್‌ನ ಹಳೆ ಪ್ರಾಜೆಕ್ಟ್ ಯಾವುದಾದರೂ ತೆರೆದು ನೋಡಿ. ಕಂಟ್ರೋಲರ್‌ನಲ್ಲಿ (ವೆಬ್ ರಿಕ್ವೆಸ್ಟ್‌ಗೆ ಉತ್ತರ ಕೊಡುವ ಕ್ಲಾಸ್) ಅಸಲಿ ಕೆಲಸ ನಾಲ್ಕು ಸಾಲು, ಅದರ ಕೆಳಗೆ ಒಂದರ ಬೆನ್ನಿಗೊಂದು ಕ್ಯಾಚ್ (ಎಕ್ಸೆಪ್ಶನ್, ಅಂದರೆ ಕೋಡ್ ಓಡುವಾಗ ಏಳುವ ತಪ್ಪನ್ನು, ಹಿಡಿಯುವ ತುಂಡು), ಪ್ರತಿಯೊಂದರಲ್ಲೂ ಅದೇ ಲಾಗ್, ಅದೇ ಮೆಸೇಜ್, ಕೊನೆಗೊಂದು 400 ಅಥವಾ 500 ಎರರ್ ಕೋಡ್. ಇದನ್ನು ಒಡೆಯಲು ನಾನು ಕೋಡ್ ಬರೆಯುವ ಟೂಲ್ ಇಂಟೆಲಿಜೆಯ ಎಕ್ಸ್‌ಟ್ರ್ಯಾಕ್ಟ್ ಮೆಥಡ್ (ಆರಿಸಿದ ಸಾಲುಗಳನ್ನು ಬೇರೆ ಮೆಥಡ್ ಮಾಡುವ ಸೌಲಭ್ಯ) ಬಳಸುತ್ತೇನೆ. ದುಡ್ಡು ಕೊಡದೆಯೂ ಸಿಗುತ್ತದೆ. ಸಾಲುಗಳನ್ನು ಸೆಲೆಕ್ಟ್ ಮಾಡಿ ಕಂಟ್ರೋಲ್, ಆಲ್ಟ್, ಎಮ್ ಒತ್ತಿದರೆ ಸಾಕು, ಯಾವ ಪ್ಯಾರಾಮೀಟರ್ ಬೇಕು ಅಂತ ತಾನೇ ಲೆಕ್ಕ ಹಾಕುತ್ತದೆ, ಅದೇ ಕ್ಲಾಸ್‌ನಲ್ಲಿ ಅಂಥದ್ದೇ ತುಂಡು ಇನ್ನೊಂದು ಕಡೆ ಇದ್ದರೆ ಅಲ್ಲೂ ಬದಲಿಸಲಾ ಅಂತ ಕೇಳುತ್ತದೆ. ಈ ಕೊನೆಯದು ನನಗೆ ಜಾಸ್ತಿ ಇಷ್ಟ. ಇಷ್ಟಕ್ಕೆ ಐದಕ್ಕೆ ನಾಲ್ಕು ಕೊಡಬಹುದು.

ಆದರೆ ತುಂಡಿನೊಳಗೆ ಎರಡು ವೇರಿಯೇಬಲ್ ಬದಲಾಗಿ, ಎರಡೂ ಮುಂದೆ ಬೇಕಾಗಿದ್ದರೆ ತಕರಾರು ಶುರು. ಜಾವಾ ಮೆಥಡ್ ವಾಪಸ್ ಕೊಡುವುದು ಒಂದೇ ವ್ಯಾಲ್ಯೂ, ಟೂಲ್‌ನ ತಪ್ಪಲ್ಲ ಬಿಡಿ. ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಒಂದು ಉದ್ದ ಮೆಥಡ್ ಹೋಗಿ ಅರ್ಥವಿಲ್ಲದ ಹೆಸರಿನ ಆರು ಸಣ್ಣವು ಬಂದರೆ ಸುಮ್ನೆ ಕಸವನ್ನು ಇನ್ನೊಂದು ಮೂಲೆಗೆ ಗುಡಿಸಿದ ಹಾಗೆ, ಅಲ್ವಾ? ಆ ಕ್ಯಾಚ್‌ಗಳು ಕಂಟ್ರೋಲರ್‌ನಲ್ಲಿ ಇರಲೇಬೇಕಾ ಅನ್ನೋದನ್ನು ಈ ಶಾರ್ಟ್‌ಕಟ್ ಕೇಳುವುದಿಲ್ಲ. ಅದಕ್ಕೆ ಸ್ಪ್ರಿಂಗ್ 3.2ರಿಂದಲೇ ಇರುವ ಕಂಟ್ರೋಲರ್ ಅಡ್ವೈಸ್ ನೋಡಿ. ಎಲ್ಲ ಕಂಟ್ರೋಲರ್‌ಗಳ ಎಕ್ಸೆಪ್ಶನ್‌ಗೂ ಒಂದೇ ಕ್ಲಾಸ್. ಸ್ಪ್ರಿಂಗ್ 6ರ ಪ್ರಾಬ್ಲಮ್ ಡೀಟೇಲ್ (ಎರರ್ ಉತ್ತರದ ಸಿದ್ಧ ನಮೂನೆ) ಜೊತೆಗಿದ್ದರೆ ಉತ್ತರದ ರೂಪವೂ ಎಲ್ಲ ಕಡೆ ಒಂದೇ ಥರ. ರಿಕ್ವೆಸ್ಟ್ ಕಂಟ್ರೋಲರ್‌ಗೆ ಮುಟ್ಟುವ ಮೊದಲೇ ಹಾಯುವ ಸರ್ವ್‌ಲೆಟ್ ಫಿಲ್ಟರ್‌ನಲ್ಲಿ ಎದ್ದ ಎಕ್ಸೆಪ್ಶನ್ ಮಾತ್ರ ಕಂಟ್ರೋಲರ್ ಅಡ್ವೈಸ್ ಕೈಗೆ ಸಿಗುವುದಿಲ್ಲ, ಅದನ್ನು ಅಲ್ಲೇ ನೋಡಿಕೊಳ್ಳಬೇಕು.